ಮನೆ ಮುಂದಿನ ಬೀದಿ ಮರ ಜಾಸ್ತಿ ಬೆಳೆದಿದೆಯಾ? ಮರ ತೆಗೆಯಿರಿ ಅನ್ನಬೇಡಿ, ಕೊಂಬೆ ತೋರಿಸಿ

ವಿಜಯಪುರದಲ್ಲಿ ಏಪ್ರಿಲ್ ಬಿಸಿಲಿಗೆ ಮನೆ ಮುಂದೆ ಒಂದು ಬೇವಿನ ಮರ ಇದ್ದರೆ ಅದರ ಬೆಲೆ ಏನು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೈಕು, ಕಾರು, ತರಕಾರಿ ಗಾಡಿ, ಬೀದಿ ನಾಯಿ, ಎಲ್ಲಾ ಅದರ ಕೆಳಗೇ. ಅದೇ ಮರ ಮೇ ತಿಂಗಳ ಒಂದು ಸಂಜೆ ಅಡ್ಡಮಳೆ ಗಾಳಿಗೆ ತೂಗಾಡಿ, ಕೊಂಬೆ ತಂತಿಗೆ ತಾಗಿ, ಕಿಡಿ ಹಾರಿ, ಓಣಿಗೆಲ್ಲಾ ಕರೆಂಟ್ ಹೋಯಿತು ಅನ್ನಿ. ಅದೇ ಮನೆಯವರು "ನಾಳಿಗೇ ಇದನ್ನ ತೆಗಸಬೇಕ್ರಿ" ಅನ್ನುತ್ತಾರೆ.

ಸ್ವಲ್ಪ ತಡೆಯಿರಿ. ಬೆಳೆದ ಮರ ಬೇರೆ, ಬೀಳುವ ಮರ ಬೇರೆ. ಹೆಚ್ಚಿನ ಮನೆಗಳ ಮುಂದೆ ಇರುವುದು ಬೆಳೆದ ಮರ. ಅದಕ್ಕೆ ಬೇಕಾದದ್ದು ಎರಡೋ ಮೂರೋ ಕೊಂಬೆ ತೆಗೆಯುವುದು, ಅಷ್ಟೇ. ಆದರೆ ಜನ ಅರ್ಜಿಯಲ್ಲಿ "ಮರ ತೆರವುಗೊಳಿಸಬೇಕು" ಅಂತ ಬರೆದುಬಿಡುತ್ತಾರೆ. ಆ ಒಂದು ಸಾಲಿನಿಂದ ಕೆಲಸ ದೊಡ್ಡದಾಗುತ್ತದೆ, ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡುತ್ತದೆ, ಕೊನೆಗೆ ಒಂದೋ ಏನೂ ಆಗುವುದಿಲ್ಲ, ಇಲ್ಲಾ ಯಾರೋ ಬಂದು ಮರದ ತಲೆಯನ್ನೇ ಹಾರಿಸಿ ಹೋಗುತ್ತಾರೆ. ಇದನ್ನು ತಪ್ಪಿಸೋದು ಹೇಗೆ ಅಂತ ಹೇಳುತ್ತೇನೆ.

ಮೊದಲು ಮರವನ್ನು ಸರಿಯಾಗಿ ನೋಡಿ

ಬೆಳಿಗ್ಗೆ ಬಿಸಿಲು ಏರುವ ಮುಂಚೆ ಮರದ ಸುತ್ತ ಒಂದು ಸುತ್ತು ಹಾಕಿ. ಬುಡದಿಂದ ಶುರು ಮಾಡಿ, ಮೇಲಿಂದಲ್ಲ. ಬುಡದಲ್ಲಿ ಅಣಬೆ ಎದ್ದಿದೆಯಾ, ಕಾಂಡಕ್ಕೆ ಅಂಟಿಕೊಂಡು ತಟ್ಟೆಯಂಥ ಗಟ್ಟಿ ಅಣಬೆ ಬಂದಿದೆಯಾ? ಬಂದಿದ್ದರೆ ಒಳಗೆ ಕೊಳೆಯುತ್ತಿದೆ ಅಂತ ಅರ್ಥ. ಒಂದು ಬದಿಯ ಮಣ್ಣು ಉಬ್ಬಿದೆಯಾ, ಬಿರುಕು ಬಿಟ್ಟಿದೆಯಾ? ಮರ ಹುಟ್ಟಿದಾಗಿನಿಂದ ವಾಲಿಕೊಂಡೇ ಇದ್ದರೆ ಅಷ್ಟು ಭಯ ಬೇಡ, ಅದು ಹಾಗೇ ಗಟ್ಟಿಯಾಗಿರುತ್ತದೆ. ಹೋದ ವರ್ಷ ನೆಟ್ಟಗಿದ್ದದ್ದು ಈ ವರ್ಷ ವಾಲಿದ್ದರೆ ಮಾತ್ರ ತಡ ಮಾಡಬೇಡಿ.

ಇನ್ನೊಂದು ವಿಷಯವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಇತ್ತೀಚೆಗೆ ಮರದ ಪಕ್ಕ ಯಾರಾದರೂ ಅಗೆದಿದ್ದಾರಾ? ಒಳಚರಂಡಿ, ನೀರಿನ ಪೈಪು, ಕೇಬಲ್, ಕಾಂಕ್ರೀಟ್ ರಸ್ತೆ, ಇವುಗಳಿಗೆ ಜೆಸಿಬಿ ಬಂದರೆ ಅದು ಬೇರು ನೋಡಿ ಅಗೆಯುವುದಿಲ್ಲ. ಒಂದು ಬದಿಯ ಬೇರೆಲ್ಲಾ ಕತ್ತರಿಸಿ ಹೋದ ಮರ ಮೇಲೆ ಹಸಿರಾಗೇ ಕಾಣುತ್ತದೆ, ಎರಡು ಮೂರು ವರ್ಷ ಆದ ಮೇಲೆ ಒಂದು ದಿನ ದೊಡ್ಡ ಗಾಳಿಗೆ ಬುಡಸಮೇತ ಮಲಗುತ್ತದೆ. ಅಗೆದದ್ದು ಯಾವ ಬದಿಗೆ, ಯಾವ ವರ್ಷ ಅಂತ ನೆನಪಿದ್ದರೆ ಬರೆದಿಟ್ಟುಕೊಳ್ಳಿ, ಅರ್ಜಿಯಲ್ಲಿ ಬೇಕಾಗುತ್ತದೆ.

ಆಮೇಲೆ ಮೇಲೆ ನೋಡಿ. ಎಲ್ಲಾ ಕೊಂಬೆ ಹಸಿರಾಗಿರುವಾಗ ಒಂದು ಮಾತ್ರ ಬೋಳಾಗಿದ್ದರೆ ಅದು ಸತ್ತ ಕೊಂಬೆ. ಎರಡು ದಪ್ಪ ಕಾಂಡಗಳು ಇಕ್ಕಟ್ಟಾದ ಕವೆಯ ಹಾಗೆ ಕೂಡಿ, ನಡುವೆ ತೊಗಟೆ ಒಳಗೆ ಸಿಕ್ಕಿಕೊಂಡಿದ್ದರೆ ಅದು ಮರದ ದುರ್ಬಲ ಜಾಗ. ಅಲ್ಲಿ ಬಿರುಕು ಕಂಡರೆ ಫೋಟೋ ತೆಗೆಯಿರಿ.

ಭಯ ಪಡಬೇಕಿಲ್ಲದ ಸಂಗತಿಗಳೂ ಇವೆ. ತೊಗಟೆ ಮೇಲೆ ಗೆದ್ದಲಿನ ಮಣ್ಣು ಕಂಡ ಕೂಡಲೇ ಮರ ಮುಗಿಯಿತು ಅಂದುಕೊಳ್ಳಬೇಡಿ, ಗೆದ್ದಲು ಹೆಚ್ಚಾಗಿ ಹೊರಗಿನ ಸತ್ತ ತೊಗಟೆಯನ್ನೇ ತಿನ್ನುತ್ತದೆ. ಕೆರೆದು ನೋಡಿ, ಒಳಗಿನ ತೊಗಟೆ ಹಸಿಯಾಗಿದ್ದರೆ ಮರ ಚೆನ್ನಾಗಿದೆ. ಬೇವಿಗೆ ಬರುವ ಇನ್ನೊಂದು ರೋಗ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ತುದಿ ಕೊಂಬೆಗಳೆಲ್ಲಾ ಸುಟ್ಟ ಹಾಗೆ ಕಂದಾಗಿ ಒಣಗುತ್ತವೆ. ಇದು ಫೊಮಾಪ್ಸಿಸ್ ಅನ್ನೋ ಶಿಲೀಂಧ್ರದ ಕೆಲಸ, ಕರ್ನಾಟಕದಲ್ಲಿ ಹೊಸದೇನಲ್ಲ. ನೋಡಿದವರು "ಬೇವು ಸತ್ತು ಹೋತು, ಕಡಸ್ರಿ" ಅನ್ನುತ್ತಾರೆ. ಕಡಿಸಬೇಡಿ. ಎಷ್ಟೋ ಮರ ಯುಗಾದಿ ಹೊತ್ತಿಗೆ ಮತ್ತೆ ಚಿಗುರುತ್ತವೆ. ಯುಗಾದಿ ದಾಟಿದ ಮೇಲೂ ಚಿಗುರದ ಕೊಂಬೆ ಇದ್ದರೆ ಅದನ್ನಷ್ಟೇ ತೆಗೆಸಿ.

ಯಾವ ಜಾತಿ ಅನ್ನುವುದೂ ಮುಖ್ಯ. ಬೇವು, ಹೊಂಗೆ, ಹುಣಸೆ ಗಟ್ಟಿ ಮರಗಳು. ಗುಲ್‌ಮೊಹರ್ ನೋಡಲು ಚೆಂದ, ಆದರೆ ಕಟ್ಟಿಗೆ ಮೆದು, ಬೇರು ಮೇಲುಮೇಲೆ. ಆಕಾಶಮಲ್ಲಿಗೆ ಕೂಡ ಗಾಳಿಗೆ ಬೇಗ ಮುರಿಯುತ್ತದೆ. ಮಳೆಮರ ಹರಡಿಕೊಂಡು ಬೆಳೆಯುವ ಮರ, ಒಂದೊಂದು ಕೊಂಬೆಯೂ ಒಂದು ಮರದಷ್ಟು ಭಾರ. ಬೆಳಗಾವಿಯ ಹಳೆ ರಸ್ತೆಗಳಲ್ಲಿ ಇಂಥ ದೊಡ್ಡ ಮರಗಳು ಜಾಸ್ತಿ, ಅಲ್ಲಿ ಮಳೆಯೂ ನಮ್ಮ ಕಡೆಗಿಂತ ಎರಡು ಪಟ್ಟು, ಹಾಗಾಗಿ ಜೂನ್ ಜುಲೈನಲ್ಲಿ ನೆಲ ನೆನೆದು ಮೆತ್ತಗಾದಾಗ ಉರುಳುವ ಭಯ ಅಲ್ಲಿ ಹೆಚ್ಚು. ವಿಜಯಪುರ, ಬಾಗಲಕೋಟೆ ಕಡೆ ಮರ ಕಷ್ಟ ಕೊಡುವುದು ಮಳೆಗಾಲಕ್ಕಿಂತ ಮುಂಚೆ, ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳ ಗಾಳಿಗೆ.

ಮರ ಯಾರದ್ದು?

ಕಾಂಡ ನಿಮ್ಮ ಕಾಂಪೌಂಡ್ ಹೊರಗೆ ರಸ್ತೆ ಬದಿಗೆ ಇದ್ದರೆ ಅದು ನಿಮ್ಮದಲ್ಲ. ನಿಮ್ಮ ಅಜ್ಜ ನೆಟ್ಟಿದ್ದರೂ, ನೀವೇ ಹತ್ತು ವರ್ಷ ನೀರು ಹಾಕಿದ್ದರೂ ಅಲ್ಲ. ವಿಜಯಪುರದಲ್ಲಿ ಮಹಾನಗರ ಪಾಲಿಕೆಗೆ ಹೋಗಬೇಕು. ಬೆಳಗಾವಿಯಲ್ಲೂ ಪಾಲಿಕೆಯೇ, ಆದರೆ ಕ್ಯಾಂಪ್ ಪ್ರದೇಶದಲ್ಲಿದ್ದರೆ ಕಂಟೋನ್ಮೆಂಟ್ ಬೋರ್ಡ್. ಬಾಗಲಕೋಟೆಯಲ್ಲಿ ಹಳೆ ಊರಿನವರಿಗೆ ನಗರಸಭೆ. ನವನಗರ ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ್ದು, ಅದಕ್ಕೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಅಂತ ಬೇರೆ ಕಚೇರಿಯೇ ಇದೆ, ಎಲ್ಲರೂ ಬಿಟಿಡಿಎ ಅನ್ನುತ್ತಾರೆ. ಅಲ್ಲಿನವರು ಮೊದಲು ಅಲ್ಲೇ ವಿಚಾರಿಸಿ. ದೊಡ್ಡ ಹೆದ್ದಾರಿ ಬದಿಯ ಮನೆಯಾದರೆ ಲೋಕೋಪಯೋಗಿ ಇಲಾಖೆಯೋ ಹೆದ್ದಾರಿಯವರೋ, ಹಳ್ಳಿಯಾದರೆ ಗ್ರಾಮ ಪಂಚಾಯಿತಿ.

ಇದರ ಮೇಲೆ ಅರಣ್ಯ ಇಲಾಖೆ. ಕರ್ನಾಟಕದಲ್ಲಿ 1976ರಿಂದ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಅದರ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಈ ವೃಕ್ಷ ಅಧಿಕಾರಿ ಅಂದರೆ ಅರಣ್ಯ ಇಲಾಖೆಯ ಅಧಿಕಾರಿಯೇ. ಬುಡಕ್ಕೆ ಕೊಡಲಿ ಹಾಕುವುದಷ್ಟೇ ಕಡಿಯುವುದು ಅಲ್ಲ, ಸುಡುವುದು, ಹಾಳು ಮಾಡುವುದೂ ಅದರಲ್ಲಿ ಸೇರುತ್ತದೆ. ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ತೆಂಗಿನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ ಅಂತ ಯಾರಾದರೂ ಹೇಳುತ್ತಾರೆ, ಅದು ನಿಜ. ಆದರೆ ಮರ ನಿಂತಿರುವ ಜಾಗ ಸರ್ಕಾರದ್ದು, ಅದನ್ನು ಮರೀಬೇಡಿ. ವಿನಾಯಿತಿ ಇದೆ ಅಂತ ಬೇರೆಯವರ ಮರಕ್ಕೆ ನೀವು ಕೊಡಲಿ ಎತ್ತುವ ಹಾಗಿಲ್ಲ.

ಈಗ ಗೊತ್ತಾಯಿತಲ್ಲ, ಯಾಕೆ ಮರ ತೆಗೆಯಿರಿ ಅನ್ನಬಾರದು ಅಂತ? ಇಡೀ ಮರ ತೆಗೆಯಬೇಕಾದರೆ ಪಾಲಿಕೆಯೂ ವೃಕ್ಷ ಅಧಿಕಾರಿಯನ್ನು ಕೇಳಬೇಕು, ಅವರು ಬಂದು ನೋಡಬೇಕು, ಕಾರಣ ಬರೆಯಬೇಕು, ಬದಲಿಗೆ ಗಿಡ ನೆಡುವ ಷರತ್ತು ಬರುತ್ತದೆ. ಮರ ಸತ್ತಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ಇದ್ದರೆ, ಸಂಚಾರಕ್ಕೆ ಅಡ್ಡಿಯಾದರೆ ಅನುಮತಿ ಸಿಗುತ್ತದೆ. "ಎಲೆ ಉದುರಿ ಅಂಗಳ ಕೆಡುತ್ತದೆ", "ಅಂಗಡಿ ಬೋರ್ಡು ಕಾಣಲ್ಲ" ಅನ್ನುವುದು ಕಾರಣವೇ ಅಲ್ಲ, ಮತ್ತು ಆಗಲೂಬಾರದು. ವಿಜಯಪುರ ಜಿಲ್ಲೆಯಲ್ಲಿ ಕಾಡು ಅನ್ನೋದು ಹೆಸರಿಗಷ್ಟೇ ಇದೆ. ಕೋಟಿ ವೃಕ್ಷ ಅಭಿಯಾನ ಅಂತ ಗಿಡ ನೆಟ್ಟು, ವೃಕ್ಷಥಾನ್ ಅಂತ ಓಡಿ, ಕಷ್ಟಪಟ್ಟು ಹಸಿರು ಮಾಡುತ್ತಿರುವ ಊರಿದು.

ಅರ್ಜಿ ಹೇಗೆ ಬರೆಯೋದು

ಇಲ್ಲಿ ಸ್ವಲ್ಪ ಹೊತ್ತು ಕೊಡಿ, ಕೆಲಸದ ಅರ್ಧ ಇಲ್ಲೇ ಮುಗಿಯುತ್ತದೆ. ಮೊದಲು ಅಕ್ಕಪಕ್ಕದವರ ಜೊತೆ ಮಾತಾಡಿ. ನಿಮಗೆ ಕಿರಿಕಿರಿ ಅನಿಸುವ ಕೊಂಬೆ ಎದುರುಮನೆ ಅಜ್ಜಿಗೆ ನೆರಳಾಗಿರಬಹುದು. ಮರದ ಬುಡದಲ್ಲಿ ಕಟ್ಟೆ, ನಾಗರ ಕಲ್ಲು ಇದ್ದರಂತೂ ಓಣಿಯ ಹಿರಿಯರನ್ನು ಕೇಳದೆ ಒಂದು ಹೆಜ್ಜೆಯೂ ಮುಂದೆ ಇಡಬೇಡಿ. ನಾಲ್ಕು ಮನೆಯವರ ಸಹಿ ಇದ್ದ ಅರ್ಜಿಗೆ ತೂಕ ಜಾಸ್ತಿ.

ಫೋಟೋ ಮೂರು ಸಾಕು. ಇಡೀ ಮರ ಮತ್ತು ಮನೆ ಒಟ್ಟಿಗೆ ಕಾಣುವ ಒಂದು, ಬುಡದ್ದು ಒಂದು, ತೊಂದರೆ ಕೊಡುವ ಕೊಂಬೆ ಹತ್ತಿರದಿಂದ ಒಂದು. ಆ ಕೊಂಬೆಗೆ ಫೋಟೋದಲ್ಲೇ ಕೆಂಪು ಪೆನ್ನಿನಿಂದ ಗುರುತು ಹಾಕಿ, 1, 2, 3 ಅಂತ ಬರೆಯಿರಿ. ಅಧಿಕಾರಿ ಜಾಗಕ್ಕೆ ಬರದಿದ್ದರೂ ಕಾಗದ ನೋಡಿಯೇ ಅರ್ಥ ಆಗಬೇಕು.

ಅರ್ಜಿ ಹೀಗಿರಲಿ:

ವಿಷಯ: ಮನೆ ಮುಂದಿನ ಬೇವಿನ ಮರದ ಮೂರು ಕೊಂಬೆಗಳನ್ನು ಕತ್ತರಿಸುವ ಕುರಿತು.

ಮಾನ್ಯರೇ, ನಮ್ಮ ಮನೆಯ ಮುಂದೆ, ರಸ್ತೆಯ ಪೂರ್ವ ಬದಿಗೆ, ವಿದ್ಯುತ್ ಕಂಬದಿಂದ ಸುಮಾರು ಹತ್ತು ಅಡಿ ದೂರದಲ್ಲಿ ಒಂದು ದೊಡ್ಡ ಬೇವಿನ ಮರ ಇದೆ. ಮರ ಆರೋಗ್ಯವಾಗಿದೆ, ಅದನ್ನು ಉಳಿಸಿಕೊಳ್ಳಬೇಕು ಎಂಬುದು ನಮ್ಮ ಇಚ್ಛೆ. ಆದರೆ ಫೋಟೋದಲ್ಲಿ ಗುರುತು ಹಾಕಿದ 1ನೇ ಕೊಂಬೆ ಒಣಗಿದ್ದು ರಸ್ತೆಯ ಮೇಲೆ ಬಾಗಿದೆ. 2ನೇ ಕೊಂಬೆ ನಮ್ಮ ಮಾಳಿಗೆಗೆ ತಾಗುತ್ತಿದೆ. 3ನೇ ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದೆ. ಮಳೆಗಾಲಕ್ಕೆ ಮುಂಚೆ ಈ ಮೂರು ಕೊಂಬೆಗಳನ್ನು ಮಾತ್ರ ಕತ್ತರಿಸಿ, ಕತ್ತರಿಸಿದ ಕೊಂಬೆಗಳನ್ನು ಸಾಗಿಸಲು ವಿನಂತಿ.

ಇಷ್ಟೇ. ವಾರ್ಡ್ ನಂಬರ್, ಹತ್ತಿರದ ಗುರುತು, ನಿಮ್ಮ ಫೋನ್ ನಂಬರ್ ಹಾಕಿ. ಅಪಾಯ ಇಲ್ಲದಿದ್ದರೂ ಅಪಾಯ ಅಂತ ಉಬ್ಬಿಸಿ ಬರೆಯಬೇಡಿ, ಒಮ್ಮೆ ಬಂದು ನೋಡಿ ಹೋದವರು ಎರಡನೇ ಸಲ ನಿಮ್ಮ ಕಾಗದವನ್ನು ನಂಬುವುದಿಲ್ಲ. ಕೊನೆಯ ಸಾಲು, ಸಾಗಿಸಲು ಅನ್ನೋದು, ಬಿಡಲೇಬೇಡಿ. ಕೊಂಬೆ ಕಡಿಯುವವರು ಒಬ್ಬರು, ಎತ್ತುವವರು ಇನ್ನೊಬ್ಬರು, ನಡುವೆ ಆ ರಾಶಿ ನಿಮ್ಮ ಗೇಟಿನ ಮುಂದೆ ವಾರಗಟ್ಟಲೆ ಕೂತಿರುತ್ತದೆ.

ಅರ್ಜಿಯನ್ನು ಪಾಲಿಕೆಯ ಆಯುಕ್ತರ ಹೆಸರಿಗೆ ಬರೆದು ಟಪಾಲು ವಿಭಾಗದಲ್ಲಿ ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಮುಂದೆ ಕೊಂಬೆ ಬಿದ್ದು ಏನಾದರೂ ಆದರೆ, ನಾವು ಮೊದಲೇ ಹೇಳಿದ್ದೆವು ಅನ್ನೋದಕ್ಕೆ ಅದೇ ಆಧಾರ. ಆಮೇಲೆ ಪರಿಸರ ಎಂಜಿನಿಯರ್ ಇದ್ದರೆ ಅವರನ್ನು, ಇಲ್ಲದಿದ್ದರೆ ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರನ್ನು ನೇರವಾಗಿ ಭೇಟಿಯಾಗಿ. ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಕೊಡಿ. ನಮ್ಮ ಕಡೆ ಅರ್ಜಿ ಮತ್ತು ಮಾತು ಎರಡೂ ಬೇಕು, ಒಂದರಿಂದ ಕೆಲಸ ಆಗುವುದಿಲ್ಲ ಅಲ್ವಾ?

ಉತ್ತರ ಬರದಿದ್ದರೆ ಸುಮ್ನೆ ಜಗಳಕ್ಕೆ ಹೋಗಬೇಡಿ. ಜನಹಿತ ಆಪ್‌ನಲ್ಲಿ ದೂರು ಹಾಕಿ, ಇಲ್ಲಾ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ. ಅದಕ್ಕೂ ಅಲುಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿ ಶುಲ್ಕ, 30 ದಿನದ ಗಡುವು. "ಇಂಥ ತಾರೀಕಿನ ನನ್ನ ಅರ್ಜಿಯ ಮೇಲೆ ಏನು ಕ್ರಮ ಆಗಿದೆ, ಕಡತದ ಪ್ರತಿ ಕೊಡಿ" ಅಂತ ಒಂದೇ ಪ್ರಶ್ನೆ ಕೇಳಿ. ಎಷ್ಟೋ ಸಲ ಉತ್ತರಕ್ಕಿಂತ ಮುಂಚೆ ಏಣಿಯೇ ಬರುತ್ತದೆ.

ತಂತಿಗೆ ತಾಗಿದ್ದರೆ ದಾರಿ ಬೇರೆ

ಕೊಂಬೆ ತಂತಿಗೆ ತಾಗಿದ್ದರೆ ಪಾಲಿಕೆಯ ಉತ್ತರಕ್ಕೆ ಕಾಯಬೇಡಿ, ಹೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ ಅಥವಾ 1912ಕ್ಕೆ ಫೋನ್ ಮಾಡಿ. ನಿಮ್ಮ ಬಿಲ್ಲಿನ ಆರ್‌ಆರ್ ನಂಬರ್, ಕಂಬದ ಮೇಲೆ ಬರೆದ ನಂಬರ್, ಹತ್ತಿರದ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಎಲ್ಲಿದೆ ಅನ್ನೋದು, ಇಷ್ಟು ಹೇಳಿದರೆ ಲೈನ್‌ಮನ್ ನೇರವಾಗಿ ಜಾಗಕ್ಕೆ ಬರುತ್ತಾರೆ. ತಂತಿಗೆ ಅಡ್ಡ ಬರುವ ಮರದ ವಿಷಯದಲ್ಲಿ 2003ರ ವಿದ್ಯುತ್ ಕಾಯ್ದೆಯಲ್ಲೇ ದಾರಿ ಇದೆ, ಹಾಗಾಗಿ ಇಲ್ಲಿ ನಿಮ್ಮ ಕೆಲಸ ಸುಲಭ. ಮಳೆಗಾಲಕ್ಕೆ ಮುಂಚೆ ಅವರೇ ಲೈನ್ ಉದ್ದಕ್ಕೂ ಕೊಂಬೆ ಬಿಡಿಸುತ್ತಾ ಬರುತ್ತಾರೆ. ಪೇಪರ್‌ನಲ್ಲಿ ವಿದ್ಯುತ್ ವ್ಯತ್ಯಯದ ಸುದ್ದಿ ಬಂದ ದಿನ ಮನೆಯಲ್ಲಿದ್ದು ಅವರಿಗೆ ನಿಮ್ಮ ಕೊಂಬೆ ತೋರಿಸಿದರೆ ಒಂದು ಅರ್ಜಿ ಉಳಿಯುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ತಂತಿ ಹತ್ತಿರದ ಕೊಂಬೆಗೆ ನೀವಾಗಲಿ, ನೀವು ಕರೆಸಿದ ಆಳಾಗಲಿ ಕೈ ಹಾಕಬಾರದು. ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತದೆ. ಕಬ್ಬಿಣದ ದೋಟಿ, ಅಲ್ಯೂಮಿನಿಯಂ ಏಣಿ ಅಂತೂ ಸಾವಿನ ಆಹ್ವಾನ. ಮನೆಯ ಮೇನ್ ಸ್ವಿಚ್ ತೆಗೆದರೆ ಬೀದಿ ತಂತಿಯ ಕರೆಂಟ್ ಹೋಗುವುದಿಲ್ಲ. ಓಣಿಯಲ್ಲಿ ಕರೆಂಟ್ ಇಲ್ಲ ಅಂತ ಹತ್ತಿದವರೂ ಇದ್ದಾರೆ, ಅದು ಯಾವ ಗಳಿಗೆಗೆ ಬರುತ್ತದೆ ಅಂತ ಯಾರಿಗೆ ಗೊತ್ತು? ಲೈನ್‌ಮನ್ ಎಲ್‌ಸಿ ತೆಗೆದುಕೊಂಡು, ಅಂದರೆ ಲೈನ್ ಬಂದ್ ಮಾಡಿಸಿ, ಅದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಕೆಲಸ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ, ದೂರದಿಂದ ಜನರನ್ನು ತಡೆದು, 1912 ಅಥವಾ 112ಕ್ಕೆ ಫೋನ್ ಮಾಡಿ.

ಕಡಿಯುವ ದಿನ ಅಲ್ಲೇ ನಿಂತಿರಿ

ಇದು ಯಾಕೋ ಯಾರೂ ಮಾಡುವುದಿಲ್ಲ. ಅರ್ಜಿಗೆ ತಿಂಗಳು ಓಡಾಡಿದವರು ಕಡಿಯುವ ದಿನ ಆಫೀಸಿಗೆ ಹೋಗಿರುತ್ತಾರೆ. ಸಂಜೆ ಬಂದು ನೋಡಿದರೆ ಮರದ ಜಾಗದಲ್ಲಿ ಕಂಬ ನಿಂತಿರುತ್ತದೆ. ಕಡಿಯುವವರದ್ದು ತಪ್ಪು ಅಂತ ಹೇಳಲಾರೆ. ಅವರಿಗೆ ಆ ದಿನ ಹತ್ತು ಮರ ಇರುತ್ತವೆ, ಯಾವ ಕೊಂಬೆ ಅಂತ ಹೇಳುವವರು ಯಾರೂ ಇರುವುದಿಲ್ಲ. ಕೊಂಬೆ ಜಾಸ್ತಿ ಕಡಿದರೆ ಮತ್ತೆ ಬೇಗ ಕರೆಯಲ್ಲ ಅನ್ನೋದು ಅವರ ಲೆಕ್ಕ. ಆ ಲೆಕ್ಕ ತಪ್ಪು. ತಲೆ ಕಡಿದ ಮರ ಆ ಗಾಯದ ಸುತ್ತ ಹತ್ತಾರು ಚಿಗುರು ಹೊಡೆಯುತ್ತದೆ. ಅವು ತೊಗಟೆಗೆ ಅಂಟಿಕೊಂಡ ಹಾಗೆ ಬೆಳೆಯುತ್ತವೆ, ಒಳಗಿನಿಂದ ಬಂದ ಗಟ್ಟಿ ಕೊಂಬೆಗಳಲ್ಲ. ಎರಡು ಮೂರು ವರ್ಷಕ್ಕೆ ಮರ ಮತ್ತೆ ಅಷ್ಟೇ ಎತ್ತರ, ಆದರೆ ಈ ಸಲ ಎಲ್ಲವೂ ಮುರಿಯುವ ಕೊಂಬೆ. ಕಡಿದ ಜಾಗದಲ್ಲಿ ನೀರು ನಿಂತು ಕಾಂಡದೊಳಗೆ ಕೊಳೆತ ಇಳಿಯುತ್ತದೆ.

ಹಾಗಾದರೆ ಏನು ಹೇಳಬೇಕು? ಮೊದಲನೆಯದು, ಒಂದು ಸಲಕ್ಕೆ ಮರದ ಹಸಿರಿನ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ಎರಡನೆಯದು, ಮನೆ ಕಡೆಯದ್ದನ್ನೆಲ್ಲಾ ತೆಗೆದು ರಸ್ತೆ ಕಡೆಯದ್ದನ್ನು ಹಾಗೇ ಬಿಟ್ಟರೆ ಭಾರ ಒಂದೇ ಬದಿಗೆ ಬಂದು ಮರ ವಾಲುತ್ತದೆ, ಎದುರು ಬದಿಯಲ್ಲೂ ಸ್ವಲ್ಪ ಹಗುರ ಮಾಡಬೇಕು. ತಂತಿ ಬಿಡಿಸುವವರು ಬಂದು ಹೋದ ಮೇಲೆ ಇದನ್ನು ಖಂಡಿತ ನೋಡಿ, ಯಾಕೆಂದರೆ ಅವರು ಬಂದಿರುವುದು ತಂತಿಗಾಗಿ, ಮರದ ತೂಕ ನೋಡಲು ಅಲ್ಲ.

ಮೂರನೆಯದು ಕತ್ತರಿಸುವ ಜಾಗ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಬಳೆ ತೊಟ್ಟ ಹಾಗೆ ಸ್ವಲ್ಪ ಉಬ್ಬಿರುತ್ತದೆ, ನೋಡಿದ್ದೀರಾ? ಗಾಯ ಮುಚ್ಚುವ ಶಕ್ತಿ ಇರುವುದು ಆ ಉಬ್ಬಿನಲ್ಲಿ. ಅದರ ಹೊರಗೆ, ಅದಕ್ಕೆ ಹತ್ತಿರವಾಗಿ ಕತ್ತರಿಸಬೇಕು. ಉಬ್ಬನ್ನೂ ಸೇರಿಸಿ ಕಾಂಡಕ್ಕೆ ಸಮ ಮಾಡಿ ಕತ್ತರಿಸಿದರೆ ಗಾಯ ಮುಚ್ಚುವುದಿಲ್ಲ. ಒಂದು ಅಡಿ ಗೂಟ ಬಿಟ್ಟರೆ ಅದು ಒಣಗಿ ಕೊಳೆಯುತ್ತದೆ. ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕತ್ತರಿಸಿದರೆ ಅರ್ಧಕ್ಕೆ ಅದರದೇ ಭಾರಕ್ಕೆ ಮುರಿದು, ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಬೀಳುತ್ತದೆ. ಅದಕ್ಕೇ ಮೂರು ಹಂತ. ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಮೂರನೇ ಒಂದು ಭಾಗದಷ್ಟು ಕೊಯ್ಯುವುದು. ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಪೂರ್ತಿ ಕೊಯ್ದು ಕೊಂಬೆ ಬೀಳಿಸುವುದು. ಉಳಿದ ಗೂಟವನ್ನು ಕೊನೆಗೆ ಉಬ್ಬಿನ ಹತ್ತಿರ ತೆಗೆಯುವುದು. ಭಾರದ ಕೊಂಬೆಗೆ ಹಗ್ಗ ಕಟ್ಟಿ ಇಳಿಸಬೇಕು. ಗರಗಸ ಇರಲಿ, ಕೊಡಲಿ ಬೇಡ. ಗಾಯಕ್ಕೆ ಡಾಂಬರು, ಪೇಂಟು, ಸಗಣಿ ಏನೂ ಬಳಿಯುವುದು ಬೇಡ, ಮರಕ್ಕೆ ಅದು ಸಹಾಯ ಮಾಡುವುದಿಲ್ಲ.

ಕಾಲ ಯಾವುದು? ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಅರ್ಜಿ ಓಡಾಡಲು ಹೊತ್ತು ಬೇಕಲ್ಲ, ಅದಕ್ಕೆ ದೀಪಾವಳಿ ಮುಗಿದ ಕೂಡಲೇ ಕೊಡಿ. ಏಪ್ರಿಲ್‌ನಲ್ಲಿ ಕಡಿಸಿದರೆ ನೆರಳಲ್ಲಿದ್ದ ತೊಗಟೆ ಒಮ್ಮೆಲೇ ಬಿಸಿಲಿಗೆ ಬಿದ್ದು ಸುಡುತ್ತದೆ, ನಿಮಗೂ ನೆರಳು ಬೇಕಾದ ಹೊತ್ತಿಗೆ ನೆರಳಿಲ್ಲ. ಸತ್ತ ಕೊಂಬೆಗೆ ಮಾತ್ರ ಕಾಲ ನೋಡಬೇಕಾಗಿಲ್ಲ. ಗೂಡು ಇದೆಯಾ ನೋಡಿ, ಮೊಟ್ಟೆ ಮರಿ ಇದ್ದರೆ ಒಂದು ತಿಂಗಳು ತಡೆಯಿರಿ. ಕಾಡು ಹಕ್ಕಿಗಳ ಗೂಡು ಕೆಡಿಸುವುದಕ್ಕೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಹೆಜ್ಜೇನು ಕಟ್ಟಿದ್ದರೆ ಆ ದಿನ ಗರಗಸ ಎತ್ತಲೇಬೇಡಿ.

ಕೆಲಸದ ಹೊತ್ತಿಗೆ ಕಾರು, ಬೈಕು ಬೇರೆ ಕಡೆ ನಿಲ್ಲಿಸಿ, ಮಕ್ಕಳನ್ನು ಒಳಗೆ ಕೂರಿಸಿ, ಓಣಿಯ ಎರಡೂ ತುದಿಗೆ ಒಬ್ಬೊಬ್ಬರು ನಿಲ್ಲಿ. ಹಸಿ ಸೊಪ್ಪಿನ ಚಿಂತೆ ಬೇಡ. ಆಡು ಸಾಕಿದವರಿಗೆ ಒಂದು ಮಾತು ಹೇಳಿದರೆ ಬೇವಿನ ಸೊಪ್ಪು ಅರ್ಧ ಗಂಟೆಯಲ್ಲಿ ಮಾಯ. ದಪ್ಪ ಕಟ್ಟಿಗೆ ಮಾತ್ರ ನಿಮ್ಮದಲ್ಲ, ಅದನ್ನು ಪಾಲಿಕೆಯವರೇ ಒಯ್ಯಲಿ.

ಕಟ್ಟಿಗೆ ವ್ಯಾಪಾರದವರು ತಾವಾಗಿಯೇ ಬಂದು "ಪುಕ್ಕಟೆ ಕಡದ ಕೊಡ್ತೀವ್ರಿ, ಕಟಗಿ ನಮಗ ಬಿಡ್ರಿ" ಅನ್ನುವುದುಂಟು. ಅವರ ಕಣ್ಣು ನಿಮ್ಮ ಮಾಳಿಗೆಗೆ ತಾಗುವ ತೆಳ್ಳನೆ ಕೊಂಬೆ ಮೇಲೆ ಇರುವುದಿಲ್ಲ, ದಪ್ಪ ಕಾಂಡದ ಮೇಲೆ ಇರುತ್ತದೆ. ಅನುಮತಿ ಪತ್ರ ತೋರಿಸಿ ಅನ್ನಿ, ಮಾತು ಅಲ್ಲಿಗೇ ಮುಗಿಯುತ್ತದೆ.

ಬೇರು, ಗೋಡೆ, ಎರೆಮಣ್ಣು

ಕಾಂಪೌಂಡ್ ಗೋಡೆ ಬಿರಿದಿದೆ, ಮರ ತೆಗೆಯಬೇಕು ಅನ್ನುವವರು ಇದನ್ನು ಓದಿ. ವಿಜಯಪುರ, ಬಾಗಲಕೋಟೆಯ ಎರೆಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮರವೇ ಇಲ್ಲದ ಮನೆಗಳ ಗೋಡೆಯೂ ಇಲ್ಲಿ ಬಿರಿಯುತ್ತದೆ. ಮರ ಇದ್ದರೆ ಅದು ನೀರು ಹೀರಿ ಮಣ್ಣನ್ನು ಇನ್ನಷ್ಟು ಒಣಗಿಸುತ್ತದೆ, ಅದು ನಿಜ. ಆದರೆ ಮನೆಗೆ ಅಂಟಿಕೊಂಡ ಹಳೆ ದೊಡ್ಡ ಮರವನ್ನು ಒಮ್ಮೆಲೇ ತೆಗೆದರೆ, ಅಷ್ಟು ವರ್ಷ ಅದು ಕುಡಿಯುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು, ಮಣ್ಣು ಹಿಗ್ಗಿ, ಬುನಾದಿಯನ್ನೇ ಎತ್ತಬಹುದು. ಹಾಗಾಗಿ ಎರೆಮಣ್ಣಿನಲ್ಲಿ ಮರ ತೆಗೆಸುವ ಮುಂಚೆ ಒಬ್ಬ ಸಿವಿಲ್ ಎಂಜಿನಿಯರ್‌ಗೆ ತೋರಿಸಿ. ಬೆಳಗಾವಿಯ ಕೆಂಪು ಮಣ್ಣಿನಲ್ಲಿ ಈ ತೊಂದರೆ ಕಡಿಮೆ.

ಗೋಡೆ ಕೆಳಗೆ ಬೇರು ನುಗ್ಗಿದ್ದರೆ ಬೇರು ಕಡಿಯುವ ಬದಲು ಅಷ್ಟು ಗೋಡೆ ಬಿಚ್ಚಿ, ಬೇರಿನ ಮೇಲೆ ಒಂದು ಲಿಂಟಲ್, ಅಂದರೆ ಅಡ್ಡ ತೊಲೆ, ಹಾಯಿಸಿ ಮತ್ತೆ ಕಟ್ಟಬಹುದು. ಗೌಂಡಿಗೆ ಇದು ಒಂದು ದಿನದ ಕೆಲಸ. ಕಾಂಡದ ಅಗಲದ ಐದಾರು ಪಟ್ಟು ದೂರದೊಳಗೆ ಮುಂಗೈ ದಪ್ಪದ ಬೇರು ಕಡಿಯಬೇಡಿ, ಮರವನ್ನು ಹಿಡಿದಿಟ್ಟಿರುವುದೇ ಅವು. ಚರಂಡಿ ಪೈಪಿಗೆ ಬೇರು ನುಗ್ಗಿದೆ ಅಂದರೆ ಪೈಪು ಮೊದಲೇ ಸೋರುತ್ತಿತ್ತು ಅಂತ, ಪೈಪು ಬದಲಿಸಿ. ಗೋಡೆಯ ಸಂದಿಯಲ್ಲಿ ಹುಟ್ಟಿದ ಅರಳಿ, ಅತ್ತಿ ಸಸಿ ಬೇರೆ ಮಾತು. ಅದನ್ನು ಬೆರಳು ದಪ್ಪ ಇರುವಾಗಲೇ ಬೇರುಸಮೇತ ಕಿತ್ತುಹಾಕಿ.

ಬುಡದ ಸುತ್ತ ಕಾಂಕ್ರೀಟ್, ಪೇವರ್ಸ್ ಹಾಕಿ ಕಾಂಡದ ಕುತ್ತಿಗೆಗೆ ಬಿಗಿದಿದ್ದರೆ ಒಡೆಸಿ. ದೆಹಲಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಮರದ ಸುತ್ತ ಒಂದು ಮೀಟರ್ ಜಾಗ ಬಿಡಬೇಕು ಅಂತ ಆದೇಶ ಮಾಡಿತ್ತು. ಆ ಅಳತೆಯನ್ನೇ ಇಟ್ಟುಕೊಂಡು ಕೇಳಿ. ನೀರು ಗಾಳಿ ಸಿಗದ ಬೇರು ಮೇಲಕ್ಕೆ ಬರುತ್ತದೆ, ಫುಟ್‌ಪಾತ್ ಎತ್ತುವುದು ಅದೇ.

ಇನ್ನು ಇಂಗು, ಆ್ಯಸಿಡ್, ಬುಡದಲ್ಲಿ ಕಸ ಸುಡುವುದು, ಸುತ್ತಲೂ ತೊಗಟೆ ಸುಲಿಯುವುದು. ರಾತ್ರಿ ಕೆಲಸ ಮಾಡುವವರ ದಾರಿ ಇದು. ಕಾನೂನು ಆಮೇಲೆ ಇರಲಿ, ಲೆಕ್ಕ ಮಾಡಿ ನೋಡಿ. ವಿಷ ಹಾಕಿದ ಮರ ಮಾಯ ಆಗುವುದಿಲ್ಲ, ನಿಂತಲ್ಲೇ ಸಾಯುತ್ತದೆ. ಒಣಗಿದ ದೊಡ್ಡ ಮರ ನಿಮ್ಮ ಮನೆಯ ಮೇಲೇ ಬಾಗಿಕೊಂಡು, ಗಾಳಿ ಬಂದಾಗಲೆಲ್ಲಾ ಒಂದೊಂದು ಕೊಂಬೆ ಉದುರಿಸುತ್ತಾ ನಿಲ್ಲುತ್ತದೆ. ಅದನ್ನು ಇಳಿಸುವುದು ಹಸಿ ಮರಕ್ಕಿಂತ ಕಷ್ಟ, ಹತ್ತುವವರೂ ಹೆದರುತ್ತಾರೆ.

ಆಮೇಲೆ

ಕೊಂಬೆ ತೆಗೆಸಿದ ವರ್ಷ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಾಲ್ಕೈದು ಕೊಡ ನೀರು ಹಾಕಿ, ಕಾಂಡಕ್ಕಲ್ಲ, ಎರಡು ಮೂರು ಅಡಿ ದೂರಕ್ಕೆ. ಒಂದು ಮಳೆಗಾಲ ಕಳೆದ ಮೇಲೆ ಗಾಯದ ಸುತ್ತ ಬಂದ ಚಿಗುರುಗಳಲ್ಲಿ ಒಂದೋ ಎರಡೋ ಗಟ್ಟಿಯಾದದ್ದು ಉಳಿಸಿ, ಉಳಿದದ್ದನ್ನು ತೆಗೆಸಿ. ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಮರ ಬಿದ್ದ ಹಾನಿಗೆ ದುಡ್ಡು ಬರುವುದಿಲ್ಲ, ಅದನ್ನೂ ಒಮ್ಮೆ ನೋಡಿಕೊಳ್ಳಿ. ಸೀಲು ಹಾಕಿದ ಅರ್ಜಿಯ ಪ್ರತಿ, ಫೋಟೋಗಳನ್ನು ಮನೆ ಕಾಗದಪತ್ರದ ಜೊತೆ ಇಡಿ, ನಾಲ್ಕು ವರ್ಷಕ್ಕೆ ಮತ್ತೆ ಬೇಕಾಗುತ್ತವೆ.

ಮರ ತೆಗೆಯಲೇಬೇಕಾಗಿ ಬಂದು ತೆಗೆದರೆ ಆ ಗುಂಡಿಯನ್ನು ಕಾಂಕ್ರೀಟ್ ಮಾಡುವ ಮುಂಚೆಯೇ ಹಿಡಿದುಕೊಳ್ಳಿ. ಮೇಲೆ ತಂತಿ ಇದ್ದರೆ ಪಾರಿಜಾತ, ಕರಿಬೇವು, ಕಣಗಿಲೆಯ ಹಾಗೆ ತಂತಿಗೆ ಮುಟ್ಟದ ಗಿಡ ಹಾಕಿ. ತಂತಿ ಇಲ್ಲದಿದ್ದರೆ ಹೊಂಗೆ, ಬೇವು, ಕಕ್ಕೆ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲಕ್ಕೆ ಮುಂಚೆ ಕಡಿಮೆ ದರಕ್ಕೆ ಸಸಿ ಸಿಗುತ್ತವೆ. ಆಳೆತ್ತರದ ಸಸಿ ಆರಿಸಿ, ಮೃಗಶಿರ ಮಳೆ ಒಂದೆರಡು ಬಿದ್ದ ಮೇಲೆ ನೆಡಿ, ಸುತ್ತ ಜಾಲರಿ ಇಲ್ಲಾ ಜಾಲಿ ಮುಳ್ಳು ಕಟ್ಟಿ. ಕಟ್ಟದಿದ್ದರೆ ಎರಡನೇ ದಿನಕ್ಕೇ ಆಡು ತಿಂದು ಹೋಗುತ್ತವೆ.